ಡಾಕ್ಟರ ಅಂಗೈ ಮೇಲೆ ನನ್ನ ಎಡಗಾಲು

ನಮ್ಮ ಮನೆ ಬಾಗಿಲಿಗೆ ಬಂದು ಬೆನ್ನು ತಿರುಗಿಸಿ ನಿಂತವರನ್ನು ನಾನು ಚಿಕ್ಕಂದಿನಿಂದಲೂ ಒದೆಯುತ್ತ ಬಂದಿದ್ದೇನೆ. ಜಗಳಗಂಟಿ ಎಂದುಕೊಳ್ಳಬೇಡಿ. ನಾನು ತಲೆಯ ಬದಲು ಕಾಲು ಮುಂದಾಗಿ ಹುಟ್ಟಿದವಳು. ಹಾಗೆ ಹುಟ್ಟಿದವರ ಕಾಲು ತಾಗಿದರೆ ಹಿಡಿದುಕೊಂಡ ನಡ ಬಿಡುತ್ತದೆ ಎಂಬ ನಂಬಿಕೆ ನಮ್ಮ ಕಡೆ ಇದೆ. ನನ್ನ ತವರು ಮಾಡದಕೆರೆ ಹತ್ತಿರ, ಕುರಿ ಸಾಕುವ ಮನೆತನ. ಕುರಿಮರಿ ಎತ್ತಿಯೋ ಹುಲ್ಲಿನ ಹೊರೆ ಹೊತ್ತೋ ನಡ ಉಳುಕಿಸಿಕೊಂಡವರು ಬೆಳಗ್ಗೆಯೇ ಬರುತ್ತಿದ್ದರು. ಅವರು ಗೋಡೆ ಹಿಡಿದು ನಿಲ್ಲಬೇಕು, ನಾನು ಎಡಗಾಲಿನಿಂದ ಸೊಂಟಕ್ಕೆ ಮೂರು ಸಲ ಒದೆಯಬೇಕು, ಅವರು ತಿರುಗಿ ನೋಡದೆ, ಒಂದು ಮಾತೂ ಆಡದೆ ಹೋಗಿಬಿಡಬೇಕು. ಒದ್ದ ಮೇಲೆ ಅವರ ಬೆನ್ನು ಮುಟ್ಟಿ ಆ ಕೈಯನ್ನು ನಾನು ಕಣ್ಣಿಗೆ ಒತ್ತಿಕೊಳ್ಳಬೇಕು. ಹಿರಿಯರಿಗೆ ಕಾಲು ತಾಗಿಸಿದ್ದಕ್ಕೆ ಅದು ಕ್ಷಮೆ ಕೇಳುವ ರೀತಿ. ನನಗೆ ಅಕ್ಷರ ಬರುವ ಮೊದಲೇ ಅವ್ವ ಇದನ್ನೆಲ್ಲ ಕಲಿಸಿದ್ದಳು.

ಗುಣವಾಗುತ್ತಿತ್ತೇ ಎಂದು ಕೇಳಿದರೆ, ಕೆಲವರಿಗೆ ಆಗುತ್ತಿತ್ತು, ಕೆಲವರು ಮತ್ತೆ ಬರುತ್ತಿರಲಿಲ್ಲ. ಉಳುಕು ಎಂಬುದು ಒದ್ದರೂ ಒದೆಯದಿದ್ದರೂ ನಾಲ್ಕು ದಿನಕ್ಕೆ ಬಿಡುವಂಥದ್ದು ಎಂದು ನನಗೆ ಒಳಗೊಳಗೇ ಅನಿಸುತ್ತಿತ್ತು. ಆದರೆ ಚಿಕ್ಕಜಾಜೂರಿಗೆ ಸೊಸೆಯಾಗಿ ಬಂದ ಮೇಲೆ ನಮ್ಮ ಅತ್ತೆ ಕೆಂಚಮ್ಮನವರ ಮುಂದೆ ಹಾಗೆ ಹೇಳುವ ಧೈರ್ಯ ನನಗಿರಲಿಲ್ಲ. ಬೇರೆ ಅತ್ತೆಯರು ಸೊಸೆ ತಂದ ಒಡವೆಯ ಬಗ್ಗೆ ಹೇಳಿಕೊಂಡರೆ ಇವರು ನನ್ನ ಎಡಗಾಲಿನ ಬಗ್ಗೆ ಹೇಳಿಕೊಳ್ಳುತ್ತಿದ್ದರು. ನಮ್ಮ ಯಜಮಾನರಿಗೆ ರೈಲ್ವೆ ಗ್ಯಾಂಗಿನಲ್ಲಿ ಕೆಲಸ. ಹಳಿ ಎತ್ತಿ ಸೊಂಟ ಹಿಡಿದುಕೊಂಡ ಅವರ ಜೊತೆಗಾರರನ್ನೆಲ್ಲ ಅತ್ತೆ ಕರೆದು ತಂದು ನನ್ನ ಮುಂದೆ ನಿಲ್ಲಿಸುತ್ತಿದ್ದರು. ನಾನು ಸ್ಟೇಷನ್ ರಸ್ತೆಯಲ್ಲಿ ರವಿಕೆ, ಸ್ಕೂಲ್ ಯೂನಿಫಾರಂ ಹೊಲಿಯುತ್ತಿದ್ದೆ. ಹೊಲಿಗೆ ಮಿಷನ್ನು ತುಳಿಯುವುದಕ್ಕೂ ಅದೇ ಕಾಲು, ಒದೆಯುವುದಕ್ಕೂ ಅದೇ ಕಾಲು.

ಅಂಥ ನನಗೇ ಬೆನ್ನುನೋವು ಬಂತು.

ಮೊದಮೊದಲು ಸಂಜೆ ಹೊತ್ತಿಗೆ ಮಾತ್ರ ನೋಯುತ್ತಿತ್ತು. ಬಿಸಿನೀರು ಹುಯ್ದುಕೊಂಡರೆ ಇಳಿಯುತ್ತಿತ್ತು. ಆಮೇಲೆ ಬೆಳಗ್ಗೆ ಏಳುವಾಗಲೇ ಶುರುವಾಯಿತು. ವರ್ಷ ಕಳೆಯುವುದರೊಳಗೆ ನೋವು ಸೊಂಟದಿಂದ ಎಡ ತೊಡೆಯ ಹಿಂಭಾಗಕ್ಕಿಳಿದು ಮೀನಖಂಡದವರೆಗೆ ಬಂದು ಕೂತಿತು. ಕೆಮ್ಮಿದರೆ ನೋವು, ಸೀನಿದರೆ ನೋವು. ಸೀನು ಬರುತ್ತಿದೆ ಎಂದು ಗೊತ್ತಾದರೆ ಸಾಕು, ಗೋಡೆ ಹುಡುಕುತ್ತಿದ್ದೆ. ನೋವಿಗಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಹೆದರಿಕೆ. ಹಳಿ ಮೇಲಿಂದ ಬಿದ್ದು ಎದ್ದೇಳದೆ ಹೋದ ಗ್ಯಾಂಗಿನವರೊಬ್ಬರನ್ನು ನಾನು ನೋಡಿದ್ದೆ. ಮಂಚದ ಮೇಲೆ ಅವರು ಮಲಗಿದ್ದ ಭಂಗಿ ನನಗೆ ಪದೇ ಪದೇ ನೆನಪಾಗುತ್ತಿತ್ತು.

ಮಾತ್ರೆ, ಮುಲಾಮು, ಬೆಲ್ಟು ಎಲ್ಲ ಆದ ಮೇಲೆ ಯಜಮಾನರು ಒಂದು ದಿನ ಹೇಳಿದರು: "ಬಾಗೂರಾಗೆ ಒಬ್ರು ಅದಾರಂತೆ, ನಿನ್ನಂಗೇ ಕಾಲು ಮುಂದಾಗಿ ಹುಟ್ಟಿದೋರು. ಹೋಗಾಣ ನಡಿ."

ನಗು ಬಂತು. ಆದರೂ ಹೋದೆ. ನೋವು ಮನುಷ್ಯನನ್ನು ಎಲ್ಲಿಗೆ ಬೇಕಾದರೂ ಕರೆದೊಯ್ಯುತ್ತದೆ. ಅಲ್ಲಿದ್ದವರು ಒಬ್ಬ ಮುದುಕರು, ಒಳ್ಳೆಯ ಮನುಷ್ಯ. "ಬರ್ರಿ, ಕುಂತ್ಕಳ್ರಿ" ಎಂದು ಚಾಪೆ ಹಾಸಿ, ಮಜ್ಜಿಗೆ ಕೊಡಿಸಿದರು. ಅಷ್ಟಕ್ಕೆ ಸುಮ್ಮನಿದ್ದರೆ ಆಗುತ್ತಿತ್ತು. ಜೊತೆಗೆ ಬಂದಿದ್ದ ನಮ್ಮ ಅತ್ತೆಗೆ ತಡೆಯಲಿಲ್ಲ, ನನ್ನ ಕಾಲಿನ ಹೆಚ್ಚುಗಾರಿಕೆಯನ್ನು ಹೇಳಿಯೇಬಿಟ್ಟರು. ಮುದುಕರು ಎತ್ತಿದ್ದ ಕಾಲನ್ನು ಇಳಿಸಿದರು.

"ಹಂಗಾದ್ರೆ ನಾನು ಒದಿಯಂಗಿಲ್ಲಮ್ಮ. ನಮ್ಮ ನಮ್ಮಾಗೇ ಒದ್ಕಂಡ್ರೆ ಕಾಲು ಬಿದ್ದೋಗ್ತವೆ ಅಂತಾರೆ."

ಬಸ್ಸಿನಲ್ಲಿ ವಾಪಸು ಬರುವಾಗ ಕಾಲು ಬಿದ್ದುಹೋಗುತ್ತದೆ ಎಂಬ ಮಾತು ತಲೆಯೊಳಗೆ ಹೊಕ್ಕಿತು. ಮೂಢನಂಬಿಕೆ ಎಂದು ತಳ್ಳಿಹಾಕಲು ನೋಡಿದೆ. ಆದರೆ ಹದಿನೈದು ದಿನವೂ ಆಗಿರಲಿಲ್ಲ, ಒಂದು ಬೆಳಗ್ಗೆ ರೈಲ್ವೆ ಗೇಟು ದಾಟಿ ಅಂಗಡಿಗೆ ಹೋಗಿ ಕೂತು ನೋಡಿದರೆ ಎಡಗಾಲಿನಲ್ಲಿ ಚಪ್ಪಲಿ ಇರಲಿಲ್ಲ. ಎಲ್ಲಿ ಕಳಚಿತೋ ಗೊತ್ತೇ ಆಗಿರಲಿಲ್ಲ. ಅಷ್ಟು ದೂರ ಜಲ್ಲಿಕಲ್ಲಿನ ಮೇಲೆ ಬರಿಗಾಲಲ್ಲಿ ನಡೆದಿದ್ದೆ, ಪಾದಕ್ಕೆ ಅದು ತಿಳಿದಿರಲಿಲ್ಲ. ಅವತ್ತು ಮಿಷನ್ನು ಮುಟ್ಟಲಿಲ್ಲ. ಬಾಗಿಲು ಹಾಕಿ ಒಳಗೆ ಕೂತು ಅತ್ತುಬಿಟ್ಟೆ.

ದುರ್ಗದ ಆಸ್ಪತ್ರೆಗೆ ಮೂವರೂ ಹೋದೆವು. ನಮ್ಮ ಕಡೆಯವರಿಗೆ ಚಿತ್ರದುರ್ಗ ಎಂದರೆ ಬರೀ ದುರ್ಗ. ಬೆನ್ನಿನ ಡಾಕ್ಟರ ಕೋಣೆಯ ಹೊರಗೆ ಕಾಯುವ ಜಾಗದಲ್ಲಿ ಉದ್ದಕ್ಕೆ ಕಬ್ಬಿಣದ ಕುರ್ಚಿಗಳಿದ್ದವು. ಬೆನ್ನುನೋವಿನವರನ್ನು ಕೂರಿಸುವುದಕ್ಕೆ ಅದಕ್ಕಿಂತ ಕೆಟ್ಟ ಕುರ್ಚಿಯನ್ನು ಯಾರೂ ಹುಡುಕಿ ತರಲಾರರು. ಅರ್ಧ ಜನ ನಿಂತೇ ಇದ್ದರು. ಹಿರಿಯೂರಿನ ಕಡೆಯವರೊಬ್ಬರು ಗೋಡೆಗೆ ಒರಗಿ, ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದರು: "ಬೆನ್ನಿಗೆ ಮಾತ್ರ ಕತ್ತಿ ಹಾಕಿಸ್ಬ್ಯಾಡ್ರಿ. ನಮ್ಮ ಷಡ್ಕ ಮಾಡಿಸ್ಕಂಡ. ಆವತ್ತಿಂದ ಅವನ ಕಾಲು ಅವನ ಮಾತು ಕೇಳವಲ್ದು."

ಅವರ ಷಡ್ಕನನ್ನು ನಾನು ಕಂಡವಳಲ್ಲ. ಆದರೆ ಮುಂದಿನ ದಿನಗಳಲ್ಲಿ ಕಣ್ಣು ಮುಚ್ಚಿದರೆ ಸಾಕು, ಅವನು ಬಂದು ನಿಲ್ಲುತ್ತಿದ್ದ. ಪಕ್ಕದಲ್ಲಿದ್ದ ಬುರ್ಖಾ ತೊಟ್ಟ ಹೆಂಗಸೊಬ್ಬರು ನನ್ನ ಮುಖ ನೋಡಿ, ತಮ್ಮ ಚೀಲದಿಂದ ಸ್ವೆಟರ್ ತೆಗೆದು ಸುತ್ತಿ ನನ್ನ ಸೊಂಟದ ಹಿಂದೆ ಇಟ್ಟರು. "ಇಟ್ಕೊಳಿ ಅಕ್ಕ, ಅವರ ಮಾತು ಕೇಳ್ಬೇಡಿ" ಎಂದು ಮೆಲ್ಲಗೆ ಅಂದರು. ಅವರ ಹೆಸರು ಕೇಳಲಿಲ್ಲ. ಹೀಗೆ ಕಬ್ಬಿಣದ ಕುರ್ಚಿಯಲ್ಲಿ ಕೂತು ಇದನ್ನು ಓದುತ್ತಿರುವವರು ಯಾರಾದರೂ ಇದ್ದರೆ, ನಿಮ್ಮ ಪಕ್ಕದಲ್ಲೂ ಅಂಥ ಒಬ್ಬರು ಇರಲಿ ಎಂದು ಆಸೆ.

ಒಳಗೆ ಕರೆದರು. ಡಾಕ್ಟರು ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಹಣೆಯಲ್ಲಿ ವಿಭೂತಿ, ಮಾತು ಮೆದು. ಮಲಗಿಸಿ ಕಾಲು ಎತ್ತಿ ನೋಡಿದರು. ಸೂಜಿಯ ತುದಿಯಿಂದ ಪಾದವನ್ನು ಅಲ್ಲಲ್ಲಿ ಮುಟ್ಟಿ ಗೊತ್ತಾಗುತ್ತದೆಯೇ ಎಂದು ಕೇಳಿದರು. ದಿನವೆಲ್ಲ ಸೂಜಿ ಹಿಡಿಯುವ ನನಗೆ ಹೆಬ್ಬೆರಳಿನ ಪಕ್ಕದ ಬೆರಳಲ್ಲಿ ಸೂಜಿ ತಾಗಿದ್ದೇ ತಿಳಿಯಲಿಲ್ಲ. ಮೂತ್ರ ಹೋಗುವುದಕ್ಕೆ ತೊಂದರೆ ಇದೆಯೇ ಎಂದು ಕೇಳಿದರು. ಇಲ್ಲ ಎಂದೆ. ಅದನ್ನು ಯಾಕೆ ಕೇಳಿದರು ಎಂಬ ಯೋಚನೆಗೇ ಬೆವರು ಬಂತು. ಆಮೇಲೆ ತಮ್ಮ ಅಂಗೈಯನ್ನು ನನ್ನ ಎಡಪಾದದ ಕೆಳಗಿಟ್ಟರು.

"ನನ್ನ ಕೈಯನ್ನು ಕಾಲಿಂದ ಒತ್ತಿ. ಇರೋ ಶಕ್ತಿಯೆಲ್ಲಾ ಹಾಕಿ ಒತ್ತಿ."

ನಾನು ಅತ್ತೆಯ ಮುಖ ನೋಡಿದೆ. ಅತ್ತೆ ಕಣ್ಣು ಅರಳಿಸಿ, "ಮೆಲ್ಲಗೆ ಇಡೇ, ದೇವರಂಥೋರಿಗೆ ಕಾಲು ಕೊಡ್ತೀಯಲ್ಲ" ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದರು. ಅವರು ಹೇಳದಿದ್ದರೂ ನಾನು ಒತ್ತುತ್ತಿರಲಿಲ್ಲ. ನನಗೆ ಗುಣ ಮಾಡುವವರ ಅಂಗೈಗೆ, ವಿಭೂತಿ ಇಟ್ಟವರ ಅಂಗೈಗೆ, ಎಡಗಾಲು! ಹೂವಿನ ಮೇಲೆ ಇಟ್ಟ ಹಾಗೆ ಇಟ್ಟೆ. "ಇನ್ನೂ ಜೋರಾಗಿ" ಎಂದರು. ಇಷ್ಟೇ ಇಷ್ಟು ತಾಗಿಸಿದೆ. ಅವರು ಹುಬ್ಬು ಗಂಟಿಕ್ಕಿದರು. ನಾನು ಬಗ್ಗಲಾರದೆ ಬಗ್ಗಿ ಅವರ ಕೈ ಮುಟ್ಟಿ ಕಣ್ಣಿಗೊತ್ತಿಕೊಂಡೆ. ತುದಿಗಾಲಲ್ಲಿ ನಿಲ್ಲಿ ಎಂದಾಗ ನೋವಿಗೆ ನೆಟ್ಟಗೆ ನಿಲ್ಲಲೂ ಆಗದೆ ಮಂಚ ಹಿಡಿದುಕೊಂಡೆ.

ಸ್ಕ್ಯಾನ್ ಮಾಡಿಸಲು ಹೇಳಿದರು. ಮೈಮೇಲೆ ಲೋಹ ಇರಬಾರದು ಎಂದು ತಾಳಿ, ಓಲೆ, ಬಳೆ ಬಿಚ್ಚಿಸಿದರು. ಕಾಲುಂಗುರ ಬರಲಿಲ್ಲ. ಮದುವೆಯಲ್ಲಿ ತೊಡಿಸಿದ್ದು, ಬೆರಳೊಳಗೆ ಕಚ್ಚಿ ಕೂತಿತ್ತು. ಅತ್ತೆ ಸೋಪು ಹಚ್ಚಿ ತಿರುಗಿಸಿ ಎಳೆದರು. ಬಲಗಾಲಿನದು ಬರುವಾಗ ನಾನು ಕಿರುಚಿದೆ. ಎಡಗಾಲಿನದನ್ನು ಯಾವಾಗ ತೆಗೆಯುತ್ತಾರೋ ಎಂದು ಹಲ್ಲು ಕಚ್ಚಿ ಕಾಯುತ್ತಿದ್ದೆ. ನೋಡಿದರೆ ಅದು ಆಗಲೇ ಅತ್ತೆಯ ಕೈಯಲ್ಲಿತ್ತು. ಬೆರಳ ಚರ್ಮ ಕಿತ್ತು ರಕ್ತ ಬಂದಿತ್ತು.

"ನೋವಾಗ್ಲಿಲ್ಲೇನೆ?" ಎಂದರು ಅತ್ತೆ.

"ಇಲ್ಲ."

ಅತ್ತೆ ಎರಡೂ ಉಂಗುರಗಳನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಗೋಡೆ ಕಡೆ ತಿರುಗಿದರು. ಅವರು ಅಳುತ್ತಿದ್ದಾರೆಂದು ಬೆನ್ನು ನೋಡಿದರೇ ತಿಳಿಯುತ್ತಿತ್ತು. ಆಮೇಲೆ ಸ್ಕ್ಯಾನ್ ಮಿಷನ್ನಿನ ಕೊಳವೆಯೊಳಗೆ, ಕಿವಿಯ ಪಕ್ಕದಲ್ಲೇ ಗೂಡ್ಸ್ ರೈಲು ಹಳಿ ಬದಲಿಸುತ್ತಿರುವಂಥ ಸದ್ದಿನಲ್ಲಿ, ನಾನು ಯಾವ ದೇವರನ್ನೂ ನೆನೆಯಲಿಲ್ಲ. ಎಡಗಾಲಿನ ಬೆರಳನ್ನು ಆಡಿಸಬೇಕೆಂದು ಅನಿಸುತ್ತಿತ್ತು. ಅಲುಗಾಡಬೇಡಿ ಎಂದಿದ್ದರು. ಆಡಿಸಿದರೆ ಆಡದೆ ಹೋದರೆ ಎಂಬ ಭಯವೂ ಇತ್ತು.

ಸ್ಕ್ಯಾನ್ ನೋಡಿ ಡಾಕ್ಟರು ಹೇಳಿದ್ದು ಇಷ್ಟು. ಬೆನ್ನುಮೂಳೆಗಳ ನಡುವಿನ ಮೆತ್ತೆ ಹೊರಗೆ ಜರುಗಿ ಕಾಲಿಗೆ ಹೋಗುವ ನರವನ್ನು ಒತ್ತುತ್ತಿದೆ. ಬರೀ ನೋವಾಗಿದ್ದರೆ ಕಾಯಬಹುದಿತ್ತು. ಆದರೆ ಕಾಲಿನ ಶಕ್ತಿಯೇ ಹೋಗುತ್ತಿರುವ ಹಾಗೆ ಕಾಣುತ್ತಿದೆ, ತಡ ಮಾಡಿದರೆ ಹೋದ ಶಕ್ತಿ ವಾಪಸು ಬರದಿರಬಹುದು. ಆಪರೇಷನ್ ಮಾಡಿಬಿಡೋಣ, ಇವತ್ತೇ ಅಡ್ಮಿಟ್ ಆಗಿ.

ಕಾಲಿನ ಶಕ್ತಿ ಹೋಗುತ್ತಿದೆ. ಈ ಮಾತು ಕೇಳಿದ ಗಳಿಗೆಯಿಂದ ನನ್ನ ಕಾಲು ನನಗೇ ಸತ್ತಂತೆ ಕಾಣತೊಡಗಿತು. ನಾನು ಬೇಕೆಂದೇ ಮೆಲ್ಲಗೆ ಒತ್ತಿದ್ದೆ ಎಂಬುದು ನೆನಪಿಗೇ ಬರಲಿಲ್ಲ. ಡಾಕ್ಟರು ಹೇಳಿದ ಮೇಲೆ ಅದು ನಿಜವೇ ಇರಬೇಕಲ್ಲ? ಬಾಗೂರಿನ ಮುದುಕರೂ ಹೇಳಿದ್ದರಲ್ಲ? ಚಪ್ಪಲಿ ಕಳಚಿದ್ದು, ಉಂಗುರ ಕಿತ್ತಿದ್ದು ಎಲ್ಲ ಒಂದಕ್ಕೊಂದು ಕೂಡಿ ಬಂದವು. ಬಚ್ಚಲಿಗೆ ಹೋದಾಗಲೆಲ್ಲ ಮೂತ್ರ ಬರುತ್ತದೋ ಇಲ್ಲವೋ ಎಂದು ಎದೆ ಹೊಡೆದುಕೊಳ್ಳುತ್ತಿತ್ತು. ಯಜಮಾನರು "ಎದ್ರುಕಬ್ಯಾಡ, ನಾನಿಲ್ವ" ಎಂದು ನೂರು ಸಲ ಹೇಳಿದರು.

ಆಪರೇಷನ್ನಿನ ಹಿಂದಿನ ಸಂಜೆ ಯಜಮಾನರು ಊಟ ತರಲು ಹೊರಗೆ ಹೋಗಿದ್ದರು. ವಾರ್ಡಿನ ಆಯಾ ಗೌರಮ್ಮ, ಹೊಳಲ್ಕೆರೆ ಕಡೆಯವಳು, ಸೊಂಟ ಹಿಡಿದುಕೊಂಡು ನನ್ನ ಮಂಚದ ಹತ್ತಿರ ಬಂದಳು. ಯಾರೋ ಭಾರದ ರೋಗಿಯನ್ನು ಎತ್ತಿ ಕೂರಿಸುವಾಗ ಚಳುಕು ಹೊಡೆದಿತ್ತಂತೆ. ನಮ್ಮ ಅತ್ತೆ ಅಷ್ಟರೊಳಗೆ ವಾರ್ಡಿಗೆಲ್ಲ ನನ್ನ ಕಾಲಿನ ಕಥೆ ಹೇಳಿ ಮುಗಿಸಿದ್ದರು.

"ಅಕ್ಕಾ, ಒಂದು ಸಲ ಕಾಲು ತಾಗ್ಸು. ನಿನಗೆ ಪುಣ್ಯ ಬರ್ತತೆ."

"ನನ್ನ ಕಾಲಾಗೆ ಶಕ್ತಿ ಇಲ್ವಂತೆ ಕಣವ್ವ. ನಾಳೆ ಆಪರೇಷನ್ನು."

"ಶಕ್ತಿ ಕಟ್ಕಂಡು ನನಗೇನಾಗ್ಬೇಕು? ಹುಟ್ಟಿದ್ದು ಹಂಗೆ ತಾನೆ?" ಎಂದು ಅವಳು ಪಕ್ಕದ ಖಾಲಿ ಮಂಚ ಹಿಡಿದು ನನಗೆ ಬೆನ್ನು ಕೊಟ್ಟು ನಿಂತೇಬಿಟ್ಟಳು.

ನನಗೆ ಬೇಡವಾಗಿತ್ತು. ಒದೆಯಲು ಹೋಗಿ ಕಾಲು ಏಳದಿದ್ದರೆ, ಎದ್ದರೂ ಬಟ್ಟೆಯ ಹಾಗೆ ಜೋಲುಬಿದ್ದರೆ, ಅಲ್ಲಿಗೆ ಮುಗಿಯಿತಲ್ಲ. ಡಾಕ್ಟರ ಮಾತು ಕೇಳುವುದು ಬೇರೆ, ಸ್ವಂತ ಕಾಲೇ ಹೇಳುವುದು ಬೇರೆ. ಆದರೆ ಬೆನ್ನು ತಿರುಗಿಸಿ ನಿಂತವರನ್ನು ನಾನು ಒಂದು ದಿನವೂ ಹಾಗೇ ಕಳಿಸಿದವಳಲ್ಲ. ಮಂಚದ ಅಂಚಿಗೆ ಜರುಗಿ, ಕಂಬಿ ಹಿಡಿದುಕೊಂಡು, ಕಣ್ಣು ಮುಚ್ಚಿ ಎಡಗಾಲು ಚಾಚಿದೆ. ನೋವು ಸೊಂಟದಿಂದ ಹಿಮ್ಮಡಿವರೆಗೆ ಮಿಂಚಿತು.

ಗೌರಮ್ಮ ಮುಗ್ಗರಿಸಿ ಖಾಲಿ ಮಂಚದ ಮೇಲೆ ಬಿದ್ದಳು. ಮೇಲಿದ್ದ ಫ್ಲಾಸ್ಕು ಉರುಳಿ ಢಣ್ಣೆಂದಿತು. ಮಾತಾಡಬಾರದು ಎಂಬ ಕಟ್ಟಳೆಯನ್ನೂ ಮರೆತು ಅವಳು ಕೂಗಿದಳು: "ಅಯ್ಯೋ ನಮ್ಮವ್ವ! ಶಕ್ತಿ ಇಲ್ವಂತೆ ಶಕ್ತಿ! ಇನ್ನೆರಡು ಬ್ಯಾಡ ತಾಯಿ, ಸಾಕು!"

ವಾರ್ಡಿನವರೆಲ್ಲ ನಕ್ಕರು. ನಾನು ನಗಲಿಲ್ಲ. ಅತ್ತೆಯೂ ನಗಲಿಲ್ಲ. ನನ್ನ ಪಾದವನ್ನೇ ನೋಡುತ್ತಿದ್ದರು.

"ಮತ್ತೆ ಡಾಕ್ಟರ ಕೈಗೆ ಯಾಕೆ ಹಂಗಿಟ್ಟೆ?"

"ನೀವೇ ಅಲ್ವಾ ಮೆಲ್ಲಗೆ ಇಡು ಅಂದಿದ್ದು?"

ಅತ್ತೆ ಹಣೆ ಚಚ್ಚಿಕೊಂಡರು. ಆಗ ನನಗೂ ಅರ್ಥವಾಯಿತು. ಅರ್ಥವಾದ ಮೇಲೆ ಹೆದರಿಕೆ ಕಡಿಮೆಯಾಗಬೇಕಿತ್ತು. ಬದಲಿಗೆ ಇನ್ನೂ ಜಾಸ್ತಿಯಾಯಿತು. ಸೊಂಟದ ಜೋರಿಗೆ ಕಾಲು ಹೋಗಿ ತಾಗಿತೇ ಹೊರತು ಪಾದದಲ್ಲಿ ಶಕ್ತಿ ಇಲ್ಲದಿದ್ದರೆ? ಡಾಕ್ಟರಿಗೆ ಹೇಳಿದರೆ ಕತ್ತಿಗೆ ಹೆದರಿ ಕಥೆ ಕಟ್ಟುತ್ತಿದ್ದಾಳೆ ಎಂದುಕೊಂಡರೆ? ಹೇಳದೆ ಮಲಗಿಬಿಟ್ಟರೆ? ಹಿರಿಯೂರಿನವರ ಷಡ್ಕ ಬಂದು ಮಂಚದ ಕಾಲ್ದೆಸೆಯಲ್ಲಿ ಕೂತ.

ಬೆಳಗ್ಗೆ ಡಾಕ್ಟರು ಬಂದಾಗ ಹೇಳಿದೆ. ಅವರು ಕುರ್ಚಿ ಎಳೆದುಕೊಂಡು ಕೂತು, "ನಾನೂ ಕೇಳಬೇಕಿತ್ತು. ನಮ್ಮ ಅಜ್ಜಿಯೂ ಯಾರಿಗಾದರೂ ಕಾಲು ತಾಗಿದರೆ ನಿಮ್ಮ ಹಾಗೇ ಮುಟ್ಟಿ ಕಣ್ಣಿಗೊತ್ತಿಕೊಳ್ತಿದ್ದರು" ಎಂದರು. ಎರಡೂ ಅಂಗೈಗಳನ್ನು ಒಂದರ ಮೇಲೊಂದಿಟ್ಟು ನನ್ನ ಪಾದದ ಕೆಳಗೆ ಹಿಡಿದರು. "ಈಗ ಒದೀರಿ. ಒತ್ತೋದಲ್ಲ, ಒದೀರಿ."

ಆಗಲೂ ಕಾಲು ಏಳಲಿಲ್ಲ. ಭಯವೋ, ಸಂಕೋಚವೋ, ನಿಜವಾಗಿಯೂ ಶಕ್ತಿ ಇಲ್ಲವೋ ನನಗೆ ಗೊತ್ತಾಗಲಿಲ್ಲ. ಅತ್ತೆಯ ಮುಖ ನೋಡಿದೆ.

"ಒದಿಯೇ ಚಂದ್ರಿ," ಎಂದರು ಅತ್ತೆ. "ನಾನು ನೋಡಲ್ಲ." ಹಾಗೆಂದು ಗೋಡೆ ಕಡೆ ತಿರುಗಿ, ನಡ ಹಿಡಿದುಕೊಂಡವರು ನಿಲ್ಲುತ್ತಿದ್ದ ಹಾಗೆಯೇ, ನನಗೆ ಬೆನ್ನು ಕೊಟ್ಟು ನಿಂತರು.

ಆ ಬೆನ್ನನ್ನು ನೋಡುತ್ತ ಒದ್ದೆ. ಡಾಕ್ಟರ ಕುರ್ಚಿ ಕಿರ್ರೆಂದು ಹಿಂದಕ್ಕೆ ಜರುಗಿತು. ಅವರು ಮತ್ತೆ ಹತ್ತಿರ ಬಂದು, ಭುಜದ ಭಾರ ಕೊಟ್ಟು ಹಿಡಿದು, ಇನ್ನೊಂದು ಸಲ ಎಂದರು. ಇನ್ನೊಂದು ಸಲ ಒದ್ದೆ. ಪಾದ ಮೇಲಕ್ಕೆತ್ತಿಸಿದರು, ಬೆರಳು ಮಡಚಿಸಿದರು, ಯಜಮಾನರ ಹೆಗಲು ಹಿಡಿಸಿ ತುದಿಗಾಲಲ್ಲಿ ನಿಲ್ಲಿಸಿದರು. ಸ್ಕ್ಯಾನ್ ಚಿತ್ರವನ್ನು ಮತ್ತೆ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. ಶಕ್ತಿ ಇದೆ, ಸ್ಪರ್ಶ ಮಾತ್ರ ಮಂದವಾಗಿದೆ, ಸದ್ಯಕ್ಕೆ ಆಪರೇಷನ್ ಬೇಡ, ಔಷಧಿ ಮತ್ತು ವ್ಯಾಯಾಮದಿಂದ ನೋಡೋಣ ಎಂದರು. ಕಾಲು ಎಳೆದರೆ, ಮೂತ್ರ ಕಟ್ಟಿದರೆ ಒಂದು ಗಳಿಗೆಯೂ ತಡೆಯದೆ ಬರಬೇಕು, ಆಗ ಕತ್ತಿಗೆ ಹೆದರಬಾರದು ಎಂದು ಎರಡೆರಡು ಸಲ ಹೇಳಿದರು. ನಾನು ಬಗ್ಗಿ ಅವರ ಕೈ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಈ ಸಲ ಅವರು ನಕ್ಕರು.

ಮನೆಗೆ ಬಂದದ್ದೇ ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಮುಂದಿನ ತಿಂಗಳುಗಳು ಆಸ್ಪತ್ರೆಗಿಂತ ಕಷ್ಟವಾಗಿದ್ದವು. ಅಲ್ಲಿ ಕೇಳುವುದಕ್ಕೆ ಡಾಕ್ಟರಿದ್ದರು, ಇಲ್ಲಿ ಪ್ರತಿ ಹೆಜ್ಜೆಯೂ ನನ್ನದೇ ಲೆಕ್ಕ. ಬೆಳಗ್ಗೆ ಎದ್ದ ಕೂಡಲೇ ಬೆರಳು ಆಡಿಸಿ ನೋಡುತ್ತಿದ್ದೆ. ಕಂಬಳಿ ಹಾಸಿ ಮಲಗಿ ಹೇಳಿಕೊಟ್ಟ ವ್ಯಾಯಾಮ ಮಾಡುತ್ತಿದ್ದೆ. ಯಜಮಾನರು ಪಕ್ಕದಲ್ಲಿ ಕೂತು, ಸೊಂಟ ಏಳುತ್ತಿಲ್ಲ, ಇನ್ನೂ ಏಳಬೇಕು ಎಂದು ಮೇಸ್ತ್ರಿಯ ಹಾಗೆ ಗದರುತ್ತಿದ್ದರು. ಸಂಜೆ ಸ್ಟೇಷನ್ ರಸ್ತೆಯಲ್ಲಿ ನಡೆಸುತ್ತಿದ್ದರು. ಮಿಷನ್ನಿಗೆ ಮೋಟಾರು ಹಾಕಿಸಿದರು. ನೋವು ಹೋದ ದಿನ ಇಂಥದ್ದೇ ಎಂದು ಹೇಳಲಾರೆ. ಒಂದು ಮಧ್ಯಾಹ್ನ ರವಿಕೆಗೆ ಹುಕ್ಕು ಹಾಕುತ್ತಿದ್ದಾಗ ಸೂಜಿ ಕೆಳಗೆ ಬಿತ್ತು. ಬಗ್ಗಿ ಎತ್ತಿಕೊಂಡು ಕೆಲಸ ಮುಂದುವರಿಸಿದೆ. ಎಷ್ಟೋ ಹೊತ್ತಾದ ಮೇಲೆ ನೆನಪಾಯಿತು, ನಾನು ಬಗ್ಗುವ ಮೊದಲು ಹೆದರಿರಲಿಲ್ಲ.

ಈಗಲೂ ಚಳಿಗಾಲದಲ್ಲಿ ಸೊಂಟ ಗೊಣಗುತ್ತದೆ. ಪಾದದ ಹೊರ ಅಂಚು ಪೂರ್ತಿ ನನ್ನದಾಗಿಲ್ಲ. ನಡ ಹಿಡಿದುಕೊಂಡವರು ಈಗಲೂ ಬರುತ್ತಾರೆ. ಕಾಲು ಜೋಮು ಹಿಡಿಯುತ್ತದೆಯೇ ಎಂದು ಮೊದಲು ಕೇಳುತ್ತೇನೆ. ಹೌದು ಎಂದವರನ್ನು ಒದೆಯುವುದಿಲ್ಲ, ದುರ್ಗದ ಬಸ್ಸು ಹತ್ತಿಸುತ್ತೇನೆ. ಡಾಕ್ಟರು ಒತ್ತು ಎಂದರೆ ನಾಚಿಕೆ ಬಿಟ್ಟು ಒತ್ತಿ ಎಂದೂ ಹೇಳಿ ಕಳಿಸುತ್ತೇನೆ.

ಅತ್ತೆ ಆ ಕಾಲುಂಗುರಗಳನ್ನು ಬಹಳ ದಿನ ತೊಡಿಸಲಿಲ್ಲ. ಬೇರೆ ಹೆಂಗಸರು ಬರಿಬೆರಳು ನೋಡಿ ಏನೇನೋ ಅಂದರೂ, "ಇನ್ನೂ ಟೇಮ್ ಐತೆ" ಎನ್ನುತ್ತಿದ್ದರು. ಯಾವುದಕ್ಕೆ ಕಾಯುತ್ತಿದ್ದಾರೆ ಎಂದು ನಾನು ಕೇಳಿರಲಿಲ್ಲ. ಒಂದು ಬೆಳಗ್ಗೆ ನಾನು ಹೊಸ್ತಿಲಿಗೆ ಅರಿಶಿನ ಹಚ್ಚಿ ಕೂತಿದ್ದಾಗ ಬಂದು ಎದುರಿಗೆ ಕೂತರು. ನನ್ನ ಎಡಗಾಲನ್ನು ಎತ್ತಿ ತಮ್ಮ ತೊಡೆಯ ಮೇಲಿಟ್ಟುಕೊಂಡರು. ಅಯ್ಯೋ ಬೇಡ ಎಂದು ಎಳೆದುಕೊಳ್ಳಲು ಹೋದೆ, ಬಿಡಲಿಲ್ಲ. ಬೆಳ್ಳಿಯ ಉಂಗುರವನ್ನು ಬೆರಳಿಗೆ ಸಿಕ್ಕಿಸಿ ಒತ್ತಿದರು. ಗಿಣ್ಣಿನ ಹತ್ತಿರ ಅದು ಕಚ್ಚಿತು. ನಾನು ಸ್ಸ್ ಎಂದೆ.

ಅತ್ತೆ ತಲೆಯೆತ್ತಿದರು. "ನೋಯ್ತತೇನೆ?"

"ಹ್ಞೂಂ ಅತ್ತೆ. ನೋಯ್ತತೆ."

ಅವರ ಕಣ್ಣು ತುಂಬಿ ಬಂತು. ಉಂಗುರವನ್ನು ಹೊರಗೆಳೆದು, ಮತ್ತೊಮ್ಮೆ ಮೊದಲಿನಿಂದ ಮೆಲ್ಲಗೆ ಒತ್ತತೊಡಗಿದರು.